ನಕ್ಷೆಯಲ್ಲಿಲ್ಲದ ಸೀಮೆ: ಈಸ್ಟ್ ಆಂಗ್ಲಿಯಾ ಎಂದರೆ ಎಲ್ಲಿ, ಏನು?

ಇಂಗ್ಲೆಂಡಿಗೆ ಓದಲು ಹೊರಟವರ ಅರ್ಜಿಗಳಲ್ಲಿ ‘ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾ’ ಎಂಬ ಹೆಸರು ಆಗಾಗ ಕಾಣಿಸುತ್ತದೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಈಶಾನ್ಯಕ್ಕೆ ಹೊರಡುವ ರೈಲುಗಳ ಮೇಲೆ ‘ಗ್ರೇಟರ್ ಆಂಗ್ಲಿಯಾ’ ಎಂದು ಬರೆದಿರುತ್ತದೆ. ನಕ್ಷೆ ಬಿಚ್ಚಿ ಹುಡುಕಿದರೆ ಮಾತ್ರ ಆ ಹೆಸರಿನ ಊರೂ ಇಲ್ಲ, ಜಿಲ್ಲೆಯೂ ಇಲ್ಲ. ವಿಶ್ವವಿದ್ಯಾಲಯ ಇರುವುದು ನಾರಿಚ್ ಎಂಬ ಊರಿನಲ್ಲಿ, ಆ ಊರು ಇರುವುದು ನಾರ್ಫಕ್ ಎಂಬ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಹಾಗಾದರೆ ಆಂಗ್ಲಿಯಾ ಎಲ್ಲಿ ಹೋಯಿತು?

ಮಲೆನಾಡು ಎಂಬ ಜಿಲ್ಲೆ ನಮ್ಮಲ್ಲೂ ಇಲ್ಲ. ಆದರೂ ಆ ಮಾತು ಕೇಳಿದೊಡನೆ ಯಾವ ನೆಲ, ಯಾವ ಮಳೆ, ಯಾವ ಮಾತಿನ ಧಾಟಿ ಎಂದು ಗೊತ್ತಾಗುತ್ತದೆ. ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಹೊರಟರೆ ಜಗಳ. ಈಸ್ಟ್ ಆಂಗ್ಲಿಯಾ ಹೆಚ್ಚುಕಡಿಮೆ ಹಾಗೆಯೇ. ವ್ಯತ್ಯಾಸವೆಂದರೆ ಇದು ಒಂದು ಕಾಲದಲ್ಲಿ ಸ್ವಂತ ದೊರೆ, ಸ್ವಂತ ನಾಣ್ಯ ಇದ್ದ ರಾಜ್ಯ. ಆ ರಾಜ್ಯ ಮುಗಿದು 1,100 ವರ್ಷ ದಾಟಿದೆ.

ಹೆಸರಿನ ಬುಡ

ಬ್ರಿಟನ್ನಿನ ಮೇಲೆ ರೋಮ್ ಹಿಡಿತ ಬಿಟ್ಟದ್ದು ಸುಮಾರು ಕ್ರಿ.ಶ. 410ರಲ್ಲಿ. ಆ ಶತಮಾನದಲ್ಲೇ ಉತ್ತರ ಸಮುದ್ರದ ಆಚೆಯಿಂದ ಜನ ದೋಣಿ ಹತ್ತಿ ಬಂದು ಇಲ್ಲಿ ನೆಲೆಯೂರತೊಡಗಿದರು. ಈಗಿನ ಜರ್ಮನಿ–ಡೆನ್ಮಾರ್ಕ್ ಗಡಿಯ ಆಂಗೆಲ್ನ್ ಎಂಬ ಕಡೆಯಿಂದ ಬಂದವರು ಆಂಗಲ್‌ರು, ಅದರ ನೆರೆಯವರು ಸ್ಯಾಕ್ಸನ್‌ರು. ಎರಡೂ ಸೇರಿಸಿ ಇತಿಹಾಸಕಾರರು ‘ಆಂಗ್ಲೋ-ಸ್ಯಾಕ್ಸನ್’ ಎನ್ನುತ್ತಾರೆ. ಆಂಗಲ್‌ರ ಹೆಸರಿನಿಂದಲೇ ಇಂಗ್ಲೆಂಡ್ ಎಂಬ ಹೆಸರು ಬಂತು. ನಾವು ‘ಆಂಗ್ಲ ಮಾಧ್ಯಮ’ ಎನ್ನುವಾಗ ಬಳಸುವ ಪದದ ಬೇರೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಪೂರ್ವದ ಆಂಗಲ್‌ರ ನಾಡು ಈಸ್ಟ್ ಆಂಗ್ಲಿಯಾ. ಅದರ ಉತ್ತರದ ಜನ ‘ನಾರ್ತ್ ಫೋಕ್’, ದಕ್ಷಿಣದ ಜನ ‘ಸೌತ್ ಫೋಕ್’. ಇವೇ ಸವೆದು ನಾರ್ಫಕ್, ಸಫಕ್ ಆದವು. ಇದಕ್ಕೆ ತಗುಲಿಕೊಂಡಂತೆ ದಕ್ಷಿಣದಲ್ಲಿರುವ ಎಸೆಕ್ಸ್ ‘ಪೂರ್ವ ಸ್ಯಾಕ್ಸನ್’ರದು. ಅದು ಬೇರೆಯದೇ ರಾಜ್ಯ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಗಡಿ ಕಾದದ್ದು ನೀರು

ಉತ್ತರಕ್ಕೂ ಪೂರ್ವಕ್ಕೂ ಸಮುದ್ರ. ದಕ್ಷಿಣಕ್ಕೆ ಸ್ಟೌರ್ ನದಿ. ಪಶ್ಚಿಮಕ್ಕೆ ‘ಫೆನ್ಸ್’ ಎಂಬ ಸುಮಾರು 3,900 ಚದರ ಕಿಲೋಮೀಟರ್‌ನ ಜೌಗು. ಅದು ಕೆರೆಯೂ ಅಲ್ಲ, ಗದ್ದೆಯೂ ಅಲ್ಲ. ಜೊಂಡು, ಕೆಸರು, ನಡುನಡುವೆ ಗುಡ್ಡದಂತೆ ತಲೆಯೆತ್ತಿದ ನಡುಗಡ್ಡೆಗಳು. ಅಂಥ ನಡುಗಡ್ಡೆಯೊಂದರ ಹೆಸರು ಈಲಿ. ಅಲ್ಲಿ ಸಿಗುವ ಹಾವುಮೀನಿನಿಂದ ಆ ಹೆಸರು ಬಂತೆಂದು 8ನೇ ಶತಮಾನದ ಸನ್ಯಾಸಿ ಬೀಡ್ ಬರೆದಿದ್ದಾನೆ.

ಒಳನಾಡಿನಿಂದ ಸೈನ್ಯವೊಂದು ಕಾಲು ಒದ್ದೆಯಾಗದೆ ಈ ರಾಜ್ಯದೊಳಕ್ಕೆ ಬರಬೇಕೆಂದರೆ ಇದ್ದದ್ದು ಒಂದೇ ಕಿರಿದಾದ ದಾರಿ. ಈಗಿನ ಕೇಂಬ್ರಿಜ್ ಮತ್ತು ನ್ಯೂಮಾರ್ಕೆಟ್ ನಡುವೆ, ಒಂದು ಬದಿಗೆ ಜೌಗು, ಇನ್ನೊಂದು ಬದಿಗೆ ಕಾಡು ಬೆಳೆದ ಜಿಗುಟು ಮಣ್ಣು, ಮಧ್ಯೆ ಸುಣ್ಣಕಲ್ಲಿನ ಒಣ ದಿಬ್ಬ. ಆ ದಿಬ್ಬಕ್ಕೆ ಅಡ್ಡಲಾಗಿ ಯಾರೋ ಉದ್ದನೆಯ ಕಂದಕ ತೋಡಿ, ಅದೇ ಮಣ್ಣನ್ನು ಪಕ್ಕಕ್ಕೆ ಏರಿ ಹಾಕಿದ್ದಾರೆ. ಉದ್ದ ಸುಮಾರು 12 ಕಿಲೋಮೀಟರ್. ಈಗಿನ ಹೆಸರು ಡೆವಿಲ್ಸ್ ಡೈಕ್. ಕಟ್ಟಿದ್ದು 5ರಿಂದ 7ನೇ ಶತಮಾನದ ನಡುವೆ. ಕಂದಕ ನೈಋತ್ಯಕ್ಕೆ ಮುಖಮಾಡಿದೆ, ಏರಿ ಈಶಾನ್ಯದ ಬದಿಗಿದೆ. ಅಂದರೆ ಏರಿಯ ಮೇಲೆ ನಿಂತು ಕಾಯುತ್ತಿದ್ದವರು ಈಸ್ಟ್ ಆಂಗ್ಲಿಯಾದ ಕಡೆಯವರು. ಕಟ್ಟಿಸಿದವನ ಶಾಸನ ಇಲ್ಲ. ಕಂದಕ ಯಾವ ಬದಿಗಿದೆ ಎಂಬುದನ್ನೇ ಓದಬೇಕು. ಈಗ ಅದರ ಮೇಲೆ ಕಾಲುದಾರಿಯಿದೆ, ಆಚೀಚೆ ಕುದುರೆ ರೇಸಿನ ಮೈದಾನಗಳಿವೆ.

ಕಾಗದವಿಲ್ಲದ ರಾಜ್ಯ

ಈ ರಾಜ್ಯದ ದೊಡ್ಡ ತೊಡಕು ಇದೇ. ತನ್ನ ಬಗ್ಗೆ ಅದು ಬರೆದುಕೊಂಡದ್ದು ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಮಠಗಳಲ್ಲಿದ್ದ ಓಲೆಪತ್ರಗಳು ಮುಂದೆ, ಹಡಗಿನಲ್ಲಿ ಬಂದು ಕೊಳ್ಳೆ ಹೊಡೆಯುತ್ತಿದ್ದ ವೈಕಿಂಗರ ದಾಳಿಯ ಕಾಲದಲ್ಲಿ ಹಾಳಾದವು. ನಮಗೆ ಸಿಗುವ ಬರಹವೆಲ್ಲ ನೆರೆಯವರದು. ಮುಖ್ಯವಾಗಿ ಬೀಡ್. ಅವನು ಉತ್ತರದ ನಾರ್ತಂಬ್ರಿಯಾದವನು, ಗ್ರಂಥ ಮುಗಿಸಿದ್ದು 731ರಲ್ಲಿ.

ಹೋಲಿಸಿ ನೋಡಿ: ಈ ರಾಜ್ಯದ ಅತಿ ಪ್ರಬಲ ದೊರೆ ರ್ಯಾಡ್ವಾಲ್ಡ್ ಸತ್ತದ್ದು ಸುಮಾರು 624ರಲ್ಲಿ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ಇಮ್ಮಡಿ ಪುಲಕೇಶಿ. ಪುಲಕೇಶಿ ಯಾರನ್ನು ಸೋಲಿಸಿದ ಎಂಬುದನ್ನು ಅವನ ಆಸ್ಥಾನದ ರವಿಕೀರ್ತಿಯೇ 634ರ ಐಹೊಳೆ ಶಾಸನದಲ್ಲಿ ಕೊರೆಸಿದ್ದಾನೆ. ರ್ಯಾಡ್ವಾಲ್ಡನಿಗೆ ರವಿಕೀರ್ತಿ ಸಿಗಲಿಲ್ಲ. ಅವನ ಕತೆ ನಮಗೆ ಬರುವುದು ಸುಮಾರು ನೂರು ವರ್ಷ ತಡವಾಗಿ, ಅವನನ್ನು ಅಷ್ಟೇನೂ ಮೆಚ್ಚದ ಒಬ್ಬ ಪಾದ್ರಿಯ ಬಾಯಿಂದ.

ಮೆಚ್ಚದಿರಲು ಕಾರಣವಿತ್ತು. ರ್ಯಾಡ್ವಾಲ್ಡ್ ಕೆಂಟ್ ರಾಜ್ಯಕ್ಕೆ ಹೋದಾಗ ಕ್ರೈಸ್ತ ದೀಕ್ಷೆ ಪಡೆದು ಬಂದ. ಊರಿಗೆ ಮರಳಿದ ಮೇಲೆ ಹೆಂಡತಿಯ ಮಾತು ಕೇಳಿ, ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವರುಗಳಿಗೊಂದು ಪೀಠ ಇಟ್ಟ ಎಂದು ಬೀಡ್ ದೂರುತ್ತಾನೆ. ಅದೇ ಹೆಂಡತಿ ಇನ್ನೊಮ್ಮೆ, ಶರಣು ಬಂದ ನಾರ್ತಂಬ್ರಿಯಾದ ರಾಜಕುಮಾರ ಎಡ್ವಿನ್‌ನನ್ನು ಹಣಕ್ಕಾಗಿ ಶತ್ರುವಿಗೆ ಒಪ್ಪಿಸುವುದು ದೊರೆಗೆ ತಕ್ಕದ್ದಲ್ಲ ಎಂದು ಗಂಡನನ್ನು ತಡೆದಳಂತೆ. ರ್ಯಾಡ್ವಾಲ್ಡ್ 616ರ ಸುಮಾರಿಗೆ ಐಡಲ್ ನದಿಯ ಬಳಿ ಎಡ್ವಿನ್ನನ ಶತ್ರುವನ್ನು ಕೊಂದು, ಎಡ್ವಿನ್‌ನನ್ನೇ ಉತ್ತರದ ಸಿಂಹಾಸನದ ಮೇಲೆ ಕೂರಿಸಿದ. ಎರಡು ಸಲ ರಾಜ್ಯದ ದಿಕ್ಕು ತಿರುಗಿಸಿದ ಆ ರಾಣಿಯ ಹೆಸರನ್ನು ಮಾತ್ರ ಬೀಡ್ ಬರೆದಿಲ್ಲ.

ಮರಳಿನಲ್ಲಿ ಉಳಿದ ಹಡಗಿನ ಅಚ್ಚು

ಬರಹ ಕೈಕೊಟ್ಟ ಕಡೆ ಮಣ್ಣು ಮಾತಾಡಿತು. ಸಫಕ್‌ನ ವುಡ್‌ಬ್ರಿಜ್ ಊರಿನ ಎದುರು, ಡೆಬೆನ್ ನದಿಯ ಆಚೆ ದಂಡೆಯಲ್ಲಿ ಸಟನ್ ಹೂ ಎಂಬ ಜಾಗವಿದೆ. ಅಲ್ಲಿ ಮಣ್ಣಿನ ದಿಬ್ಬಗಳ ಒಂದು ಗುಂಪು. ಆ ಜಮೀನಿನ ಒಡತಿ ಈಡಿತ್ ಪ್ರೆಟಿ, ಬೇಸಿಲ್ ಬ್ರೌನ್ ಎಂಬ ಸ್ವಂತ ಓದಿನಿಂದ ಕಲಿತ ಸ್ಥಳೀಯ ಪುರಾತತ್ತ್ವಜ್ಞನನ್ನು ಕರೆಸಿ ಅಗೆಸಿದರು. 1938ರಲ್ಲಿ ತೆರೆದ ದಿಬ್ಬಗಳನ್ನು ಕಳ್ಳರು ಹಿಂದೆಯೇ ಬಗೆದಿದ್ದರು. 1939ರ ಮೇ ತಿಂಗಳಲ್ಲಿ ಅತಿ ದೊಡ್ಡ ದಿಬ್ಬಕ್ಕೆ ಕೈಹಾಕಿದಾಗ ತುಕ್ಕು ಹಿಡಿದ ಕಬ್ಬಿಣದ ಮೊಳೆಯೊಂದು ಸಿಕ್ಕಿತು. ಅದರ ಪಕ್ಕ ಇನ್ನೊಂದು, ಆಮೇಲೆ ಸಾಲು ಸಾಲು.

ಅಲ್ಲಿನ ಮರಳು ಮಣ್ಣು ಆಮ್ಲೀಯ. ಅದರಲ್ಲಿ ಮರ ಪೂರ್ತಿ ಕರಗಿಹೋಗುತ್ತದೆ, ಮೂಳೆಯೂ ಉಳಿಯುವುದಿಲ್ಲ. ಆದರೆ ಹಲಗೆ ಕೊಳೆಯುತ್ತ ಹೋದಂತೆ ಆ ಜಾಗದ ಮರಳು ಗಟ್ಟಿಯಾಗಿ, ಬಣ್ಣಗೆಟ್ಟು, ಹಲಗೆಯ ಅಚ್ಚನ್ನು ಹಿಡಿದುಕೊಂಡಿತ್ತು. ಮೊಳೆಗಳು ಹೊಡೆದ ಜಾಗದಲ್ಲೇ ಇದ್ದವು. ಬ್ರೌನ್ ಮಾಡಿದ ಜಾಣತನವೆಂದರೆ ಒಂದು ಮೊಳೆಯನ್ನೂ ಕೀಳದೆ, ಹಡಗಿನ ಒಳಗಿನಿಂದ ಹೊರಕ್ಕೆ ಮಣ್ಣು ತೆಗೆಯುತ್ತ, ಕೆಂಪು ಕಲೆ ಕಂಡ ಕೂಡಲೇ ಕೈ ನಿಲ್ಲಿಸಿದ್ದು. ಹಾರೆಯಿಂದ ಒಮ್ಮೆ ಜೋರಾಗಿ ಎಳೆದಿದ್ದರೆ ಆ ಬದಿ ಕುಸಿದು ಮರಳಿನ ಜೊತೆ ಮರಳಾಗುತ್ತಿತ್ತು. ಕೊನೆಗೆ ಕಂಡದ್ದು ಸುಮಾರು 27 ಮೀಟರ್ ಉದ್ದದ ಹಡಗಿನ ಆಕಾರ. ಒಂದು ತುಂಡು ಮರವೂ ಇಲ್ಲದ ಹಡಗು.

ಕಳ್ಳರು ಇಲ್ಲಿಗೂ ಬಂದಿದ್ದರು. ದಿಬ್ಬದ ನಟ್ಟನಡುವೆ ಗುಂಡಿ ತೋಡಿ ಬರಿಗೈಯಲ್ಲಿ ಹೋಗಿದ್ದರು. ಮಧ್ಯಯುಗದಲ್ಲಿ ರೈತರು ಉಳುತ್ತ ಉಳುತ್ತ ದಿಬ್ಬದ ಒಂದು ಬದಿ ಸವೆದುಹೋಗಿತ್ತು. ಹಾಗಾಗಿ ಕಳ್ಳರ ಕಣ್ಣಿಗೆ ನಡುವೆ ಎಂದು ಕಂಡದ್ದು ನಿಜವಾದ ನಡು ಆಗಿರಲಿಲ್ಲ. ನೇಗಿಲು ಉಳಿಸಿದ ನಿಧಿ ಎನ್ನಬೇಕು.

ಹಡಗಿನ ನಡುವಿನ ಕೋಣೆಯಲ್ಲಿ 412.7 ಗ್ರಾಂ ತೂಕದ ಚಿನ್ನದ ಬೆಲ್ಟ್ ಬಕಲ್, ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಮುದ್ರೆಯಿದ್ದ ಬೆಳ್ಳಿ ತಟ್ಟೆ, ಕತ್ತಿ, ತಂತಿವಾದ್ಯದ ತುಣುಕುಗಳು ಸಿಕ್ಕವು. ಶಿರಸ್ತ್ರಾಣವೂ ಇತ್ತು, ಕೋಣೆಯ ಚಾವಣಿ ಕುಸಿದು ಅದು ನೂರಾರು ಚೂರಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಮ್ಮೆ ಜೋಡಿಸಿದರು. ಸರಿಹೋಗಲಿಲ್ಲವೆಂದು 1970–71ರಲ್ಲಿ ಬಿಚ್ಚಿ ಮತ್ತೆ ಜೋಡಿಸಿದರು. ಈಗ ಎಲ್ಲೆಡೆ ಕಾಣುವ ಚಿತ್ರ ಆ ಎರಡನೆಯ ಜೋಡಣೆಯದು.

ಒಡವೆಗಳಲ್ಲಿ ಕೂರಿಸಿದ ಕೆಂಪು ಹರಳು ಗಾರ್ನೆಟ್. ಹರಳನ್ನು ತೆಳ್ಳಗೆ ಸೀಳಿ, ಅಡಿಗೆ ಗೆರೆಗೆರೆಯಾಗಿ ಒತ್ತಿದ ಚಿನ್ನದ ತಗಡು ಇಟ್ಟಿದ್ದಾರೆ. ಬೆಳಕು ಒಳಹೊಕ್ಕು ತಗಡಿಗೆ ಬಡಿದು ಹಿಂತಿರುಗುವುದರಿಂದ ಹರಳು ಒಳಗಿನಿಂದ ಉರಿದಂತೆ ಕಾಣುತ್ತದೆ. 5–6ನೇ ಶತಮಾನದ ಯುರೋಪಿಗೆ ಇಂಥ ಗಾರ್ನೆಟ್ ಬಹಳಷ್ಟು ಹೋಗುತ್ತಿದ್ದದ್ದು ಭಾರತ ಮತ್ತು ಶ್ರೀಲಂಕಾದಿಂದ. ಹರಳುಗಳ ರಾಸಾಯನಿಕ ಪರೀಕ್ಷೆಯಿಂದ ಇದು ತಿಳಿದಿದೆ.

ಸಮಾಧಿ ಯಾರದು? ದೇಹದ ಗುರುತಿಲ್ಲ, ಮಣ್ಣಿನಲ್ಲಿ ಹೆಚ್ಚಿದ ಫಾಸ್ಫೇಟ್ ಅಂಶ ಮಾತ್ರ ಅಲ್ಲೊಂದು ದೇಹ ಇದ್ದಿರಬೇಕೆಂದು ಹೇಳುತ್ತದೆ. ಕಾಲ ತಿಳಿಸಿದ್ದು ಹಣದ ಚೀಲ. ಅದರಲ್ಲಿ ಈಗಿನ ಫ್ರಾನ್ಸ್ ಕಡೆಯ 37 ಚಿನ್ನದ ನಾಣ್ಯಗಳಿದ್ದವು, ಒಂದೊಂದೂ ಬೇರೆ ಟಂಕಸಾಲೆಯದು, ಜೊತೆಗೆ ಅಚ್ಚು ಒತ್ತದ 3 ಬಿಲ್ಲೆ. ಒಟ್ಟು 40, ಪರಲೋಕಕ್ಕೆ ಹಡಗು ನಡೆಸುವ 40 ಹುಟ್ಟುಗಾರರ ಕೂಲಿ ಇರಬಹುದು ಎಂಬುದು ಒಂದು ಊಹೆ. ನಾಣ್ಯಗಳ ಕಾಲ ಸುಮಾರು 610ರಿಂದ 635. ಆ ಅವಧಿಯಲ್ಲಿ ಸತ್ತ, ಇಷ್ಟು ಸಿರಿವಂತ ದೊರೆ ಎಂದರೆ ರ್ಯಾಡ್ವಾಲ್ಡ್ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಬಲವಾದ ಊಹೆ, ಸಾಬೀತಾದ ಸಂಗತಿಯಲ್ಲ. ನಿಧಿ ಕಾನೂನಿನ ಪ್ರಕಾರ ಪ್ರೆಟಿಯವರಿಗೇ ಸೇರಿತು. ಅವರು ಅಷ್ಟನ್ನೂ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು.

ಕೊಂದವರೇ ಸಂತನೆಂದು ನಾಣ್ಯ ಒತ್ತಿದರು

ರ್ಯಾಡ್ವಾಲ್ಡನ ನಂತರದ ಇನ್ನೂರು ವರ್ಷ, ಪಶ್ಚಿಮದ ಮರ್ಸಿಯಾ ರಾಜ್ಯದ ಕೈಯಲ್ಲಿ ಏಟು ತಿನ್ನುವುದು, ಕೆಲವೊಮ್ಮೆ ತಿರುಗಿ ಕೊಡುವುದು. ಇದನ್ನು ಬೇಗ ದಾಟಬಹುದು.

865ರಲ್ಲಿ ಡೆನ್ಮಾರ್ಕ್ ಕಡೆಯ ವೈಕಿಂಗರ (ಇವರೇ ಡೇನರು) ದೊಡ್ಡ ದಂಡು ಇದೇ ತೀರಕ್ಕೆ ಬಂದಿಳಿಯಿತು. ಇಲ್ಲಿನವರು ಕುದುರೆ ಕೊಟ್ಟು ರಾಜಿ ಮಾಡಿಕೊಂಡರು. ಅದೇ ಕುದುರೆ ಹತ್ತಿ ದಂಡು ಉತ್ತರಕ್ಕೆ ಹೋಗಿ ಯಾರ್ಕ್ ಹಿಡಿಯಿತು, 869ರಲ್ಲಿ ವಾಪಸು ಬಂದು ಥೆಟ್‌ಫರ್ಡ್‌ನಲ್ಲಿ ಚಳಿಗಾಲಕ್ಕೆ ಬೀಡುಬಿಟ್ಟಿತು. ದೊರೆ ಎಡ್ಮಂಡ್ ಕಾದಾಡಿ ಸತ್ತ. ಹಳೆಯ ವಾರ್ಷಿಕ ದಾಖಲೆಯಲ್ಲಿ ಇರುವುದು ಇಷ್ಟೇ. ಮರಕ್ಕೆ ಕಟ್ಟಿ ಬಾಣ ಬಿಟ್ಟರು, ಕಡಿದ ತಲೆಯನ್ನು ತೋಳವೊಂದು ಕಾದಿತ್ತು ಎಂಬ ಕತೆಗಳು ಬರಹಕ್ಕೆ ಇಳಿದದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ.

ಆಮೇಲೆ ನಡೆದದ್ದು ಕತೆಗಿಂತ ವಿಚಿತ್ರ. ದಕ್ಷಿಣದ ವೆಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡ್‌ಗೆ 878ರಲ್ಲಿ ಸೋತ ಡೇನ್ ನಾಯಕ ಗುತ್ರಮ್ ಕ್ರೈಸ್ತ ದೀಕ್ಷೆ ಪಡೆದು, 880ರ ಸುಮಾರಿಗೆ ಈಸ್ಟ್ ಆಂಗ್ಲಿಯಾಕ್ಕೆ ಬಂದು ತನ್ನವರಿಗೆ ಜಮೀನು ಹಂಚಿದ. ಡೇನ್ ಕಾನೂನು ನಡೆಯುತ್ತಿದ್ದ ಇಂಥ ಸೀಮೆಗೆ ‘ಡೇನ್‌ಲಾ’ ಎಂದು ಹೆಸರು. ಎಡ್ಮಂಡ್ ಸತ್ತು ಮೂವತ್ತು ವರ್ಷ ತುಂಬುವುದರೊಳಗೆ ಅದೇ ಡೇನರ ಆಳ್ವಿಕೆಯಲ್ಲಿ ‘ಸಂತ ಎಡ್ಮಂಡ್’ ಎಂದು ಹೆಸರೊತ್ತಿದ ಬೆಳ್ಳಿ ನಾಣ್ಯಗಳು ಹೊರಬಂದವು. ಲ್ಯಾಂಕಶೈರ್‌ನಲ್ಲಿ 1840ರಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ ಇಂಥವು ಸುಮಾರು 1,800 ಇದ್ದವು. ಸಂತೆಯಲ್ಲಿ ಜನ ಕೈಚಾಚಿ ತೆಗೆದುಕೊಳ್ಳುವ ಹಣ ಬೇಕೆಂದರೆ, ಜನ ನಂಬುವ ಹೆಸರು ಅದರ ಮೇಲಿರಬೇಕಲ್ಲ. 917ರಲ್ಲಿ ಆಲ್ಫ್ರೆಡ್‌ನ ಮಗ ಹಿರಿಯ ಎಡ್ವರ್ಡ್‌ಗೆ ಡೇನರು ಶರಣಾದರು. ಪ್ರತ್ಯೇಕ ರಾಜ್ಯ ಅಲ್ಲಿಗೆ ಮುಗಿಯಿತು. ಸೀಮೆಯ ಮಟ್ಟದ ಅಧಿಕಾರಿ ‘ಅರ್ಲ್’ ಹುದ್ದೆಯಾಗಿ ಹೆಸರು ಇನ್ನಷ್ಟು ಕಾಲ ನಡೆದು, 1075ರ ದಂಗೆಯ ನಂತರ ಅದೂ ನಿಂತಿತು.

ಡೇನರು ಎಲ್ಲಿ ಒಕ್ಕಲಾದರು ಎಂಬುದನ್ನು ಊರಿನ ಹೆಸರು ಹೇಳುತ್ತದೆ. ನಮ್ಮ ಹಳ್ಳಿ, ಪುರ, ಪಾಳ್ಯಗಳನ್ನು ಓದುವ ಹಾಗೆಯೇ. ‘ಹ್ಯಾಮ್’ ಎಂದು ಮುಗಿದರೆ ಆಂಗಲ್‌ರ ಊರು, ‘ಬಿ’ ಎಂದು ಮುಗಿದರೆ ಡೇನರದು. ಗ್ರೇಟ್ ಯಾರ್ಮತ್ ಪಟ್ಟಣದ ಉತ್ತರಕ್ಕೆ ಫ್ಲೆಗ್ ಎಂಬ ಚಿಕ್ಕ ತುಂಡು ನೆಲದಲ್ಲಿ ಹೆಮ್ಸ್‌ಬಿ, ಫಿಲ್ಬಿ, ರೋಲ್ಸ್‌ಬಿ, ಆರ್ಮ್ಸ್‌ಬಿ, ಮಾಟ್ಬಿ ಒತ್ತೊತ್ತಾಗಿವೆ. ಅಂದಹಾಗೆ ದಂಡು ಬೀಡುಬಿಟ್ಟಿದ್ದ ಥೆಟ್‌ಫರ್ಡ್‌ನಲ್ಲಿ ಈಗ ಕುದುರೆಯ ಮೇಲೆ ಕೂತ ಒಬ್ಬ ಸಿಖ್ ದೊರೆಯ ಪ್ರತಿಮೆ ಇದೆ. ರಾಜ್ಯ ಕಳೆದುಕೊಂಡು ಇಂಗ್ಲೆಂಡ್ ಸೇರಿದ ಪಂಜಾಬಿನ ದುಲೀಪ್ ಸಿಂಗ್ ಅವರದು. ಅವರು ಹತ್ತಿರದ ಎಲ್ವೆಡನ್ ಎಸ್ಟೇಟ್ ಕೊಂಡು ಅಲ್ಲೇ ಬಾಳಿದರು.

ಗಡಿಯನ್ನೇ ಬಸಿದದ್ದು

ರಾಜ್ಯ ಹೋದ ಮೇಲೂ ಜೌಗು ಇತ್ತು, ಹಾಗಾಗಿ ಸೀಮೆ ಬೇರೆಯಾಗಿಯೇ ಉಳಿದಿತ್ತು. ಅದು ಬದಲಾದದ್ದು 17ನೇ ಶತಮಾನದಲ್ಲಿ. ಬೆಡ್‌ಫರ್ಡ್‌ನ ಅರ್ಲ್ ಮತ್ತು ಜೊತೆಗಾರರು ಹಣ ಹೂಡಿ, ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್‌ನಿಂದ ಜೌಗು ಬಸಿಯುವ ಕೆಲಸ ಮಾಡಿಸಿದರು. ಉಪಾಯ ಸರಳ. ಗ್ರೇಟ್ ಊಸ್ ನದಿ ಡೊಂಕುಡೊಂಕಾಗಿ ಹರಿದು ನೀರು ನಿಧಾನವಾಗುತ್ತಿತ್ತು, ಹೂಳು ತುಂಬುತ್ತಿತ್ತು. ಅದಕ್ಕೆ ಅಡ್ಡದಾರಿಯಾಗಿ ಸುಮಾರು 34 ಕಿಲೋಮೀಟರ್ ನೇರ ಕಾಲುವೆ ತೋಡಿದರು. ಮೊದಲನೆಯದು 1637ರಲ್ಲಿ, ಅದಕ್ಕೆ ಸಮಾನಾಂತರವಾಗಿ ಎರಡನೆಯದು 1651ರಲ್ಲಿ. ಎರಡರ ನಡುವಿನ ಪಟ್ಟಿಯನ್ನು ಬೇಕೆಂದೇ ಖಾಲಿ ಬಿಟ್ಟರು, ಮಳೆ ಹೆಚ್ಚಾದಾಗ ನೀರು ಅಲ್ಲಿ ನಿಲ್ಲಲಿ ಎಂದು. ಈ ಪಟ್ಟಿ ಇಂದಿಗೂ ಕೆಲಸ ಮಾಡುತ್ತದೆ. ಅದನ್ನು ದಾಟುವ ವೆಲ್ನಿ ರಸ್ತೆ ಚಳಿಗಾಲದಲ್ಲಿ ಆಗಾಗ ಮುಳುಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ದಾರಿ ಹಿಡಿಯುವವರು ಮೊದಲು ನೀರಿನ ಮಟ್ಟ ನೋಡಿಕೊಳ್ಳುವುದು ಒಳ್ಳೆಯದು.

ಲೆಕ್ಕ ತಪ್ಪಿದ್ದು ಮಣ್ಣಿನ ವಿಷಯದಲ್ಲಿ. ಫೆನ್ಸ್‌ನ ಒಳಭಾಗದ ಮಣ್ಣು ‘ಪೀಟ್’, ಅಂದರೆ ಗಾಳಿಯಾಡದ ನೀರಿನಡಿ ಅರೆಕೊಳೆತು ಸಾವಿರಾರು ವರ್ಷ ಪೇರಿಸಿಕೊಂಡ ಗಿಡಗಂಟಿ. ಒದ್ದೆ ಸ್ಪಂಜಿನ ಹಾಗೆ ಅದರಲ್ಲಿ ನೀರೇ ಹೆಚ್ಚು. ನೀರು ಬಸಿದರೆ ಮೊದಲು ಸ್ಪಂಜು ಒಣಗಿ ಕುಗ್ಗುತ್ತದೆ. ಆಮೇಲೆ ಗಾಳಿ ತಾಗಿ ಅರ್ಧಕ್ಕೆ ನಿಂತಿದ್ದ ಕೊಳೆಯುವಿಕೆ ಮುಂದುವರಿದು ಮಣ್ಣೇ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿದ ಕಪ್ಪು ಪುಡಿಯನ್ನು ಬೇಸಿಗೆಗೆ ಮುಂಚಿನ ಗಾಳಿ ಎತ್ತಿಕೊಂಡು ಹೋಗುತ್ತದೆ. ನೆಲ ಕುಸಿಯಿತು, ನದಿ ತನ್ನ ಏರಿಗಳ ನಡುವೆ ಮೇಲೆಯೇ ಉಳಿಯಿತು. ಹೊಲದ ನೀರು ಇಳಿಜಾರಿಗೆ ಹರಿದು ನದಿ ಸೇರುವ ಬದಲು, ಅದನ್ನು ಎತ್ತಿ ನದಿಗೆ ಸುರಿಯಬೇಕಾಯಿತು. ಮೊದಲು ಗಾಳಿಯಂತ್ರ, 19ನೇ ಶತಮಾನದಲ್ಲಿ ಉಗಿಯಂತ್ರ, ಆಮೇಲೆ ಡೀಸೆಲ್, ಈಗ ವಿದ್ಯುತ್ ಪಂಪು. ಸ್ಟ್ರೆಟಮ್ ಊರಿನ 1831ರ ಉಗಿಯಂತ್ರ ಇನ್ನೂ ನಿಂತಿದೆ. ನೀರೆತ್ತುವ ಅದರ ಚಕ್ರ ಮೊದಲು 29 ಅಡಿಯದಿತ್ತು. ನೆಲ ಇಳಿದ ಹಾಗೆಲ್ಲ ಚಕ್ರ ದೊಡ್ಡದು ಮಾಡಿ ಮಾಡಿ 37 ಅಡಿಗೆ ಬಂತು.

ಎಷ್ಟು ಇಳಿದಿದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಪೀಟರ್‌ಬರಾ ಹತ್ತಿರದ ಹೋಮ್ ಫೆನ್‌ಗೆ ಹೋಗಬೇಕು. ಅಲ್ಲಿನ ದೊಡ್ಡ ಕೆರೆಯನ್ನು 1851ರಲ್ಲಿ ಹೊಸ ಮಾದರಿಯ ಪಂಪಿನಿಂದ ಬಸಿದಾಗ, ಕಬ್ಬಿಣದ ಕಂಬವೊಂದನ್ನು ತಲೆ ನೆಲಮಟ್ಟಕ್ಕೆ ಸಮನಾಗುವಂತೆ ಹೂತರು. ಈಗ ಆ ಕಂಬ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಕದಲಿಲ್ಲ, ನೆಲ ಕೆಳಗೆ ಹೋಗಿದೆ. ಸಮುದ್ರಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗಿರುವ ಆ ಜಾಗ ಗ್ರೇಟ್ ಬ್ರಿಟನ್ನಿನಲ್ಲೇ ಅತಿ ತಗ್ಗು. ಪಂಪು ನಿಲ್ಲಿಸಿದರೆ ಹಳೆಯ ಗಡಿ ಮತ್ತೆ ತುಂಬಿಕೊಳ್ಳುತ್ತದೆ. ನಿಲ್ಲಿಸುವವರಿಲ್ಲ; ಇಂಗ್ಲೆಂಡಿನ ಮೊದಲ ದರ್ಜೆಯ ಕೃಷಿಭೂಮಿಯಲ್ಲಿ ಅರ್ಧದಷ್ಟು ಇಲ್ಲೇ ಇದೆ.

ಈಗ ಆ ಹೆಸರು ಕಂಡರೆ ಏನೆಂದು ತಿಳಿಯಬೇಕು?

ನಾರ್ಫಕ್ ಮತ್ತು ಸಫಕ್ ಸೇರಿದರೆ ಈಸ್ಟ್ ಆಂಗ್ಲಿಯಾ. ಇದರಲ್ಲಿ ಯಾರ ತಕರಾರೂ ಇಲ್ಲ. 2021ರ ಜನಗಣತಿಯಂತೆ ಎರಡರ ಜನಸಂಖ್ಯೆ ಒಟ್ಟು ಸುಮಾರು 16.8 ಲಕ್ಷ. ಈಲಿ ಸೇರಿದಂತೆ ಕೇಂಬ್ರಿಜ್‌ಶೈರ್‌ನ ಪೂರ್ವಭಾಗವನ್ನೂ ಸಾಮಾನ್ಯವಾಗಿ ಸೇರಿಸುತ್ತಾರೆ. ಸರ್ಕಾರಿ ಅಂಕಿಅಂಶಗಳಲ್ಲಿ ಬರುವ ‘ಈಸ್ಟ್ ಆಫ್ ಇಂಗ್ಲೆಂಡ್’ ಬೇರೆ. ಅದರಲ್ಲಿ ಈ ಮೂರರ ಜೊತೆ ಎಸೆಕ್ಸ್, ಹರ್ಟ್‌ಫರ್ಡ್‌ಶೈರ್, ಬೆಡ್‌ಫರ್ಡ್‌ಶೈರ್ ಸೇರಿ ಸುಮಾರು 63 ಲಕ್ಷ ಜನ. ಬಾಡಿಗೆಯನ್ನೋ ಸಂಬಳವನ್ನೋ ಹೋಲಿಸುವಾಗ ಯಾವುದರ ಸರಾಸರಿ ಎಂದು ನೋಡದಿದ್ದರೆ ಲಂಡನ್ನಿನ ಅಂಚಿನ ಊರುಗಳ ದರವನ್ನು ನಾರಿಚ್‌ಗೆ ಅಂಟಿಸಿದಂತಾಗುತ್ತದೆ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗವಿದೆ. 1963ರಲ್ಲಿ ಶುರುವಾದ ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾ ಇರುವುದು ನಾರಿಚ್‌ನಲ್ಲಿ. ಆಂಗ್ಲಿಯಾ ರಸ್ಕಿನ್ ಬೇರೆಯದೇ ವಿಶ್ವವಿದ್ಯಾಲಯ. ಅದರ ಕ್ಯಾಂಪಸ್‌ಗಳು ಕೇಂಬ್ರಿಜ್, ಪೀಟರ್‌ಬರಾ, ಲಂಡನ್ ಮತ್ತು ಚೆಮ್ಸ್‌ಫರ್ಡ್‌ನಲ್ಲಿವೆ. ಚೆಮ್ಸ್‌ಫರ್ಡ್ ಎಸೆಕ್ಸ್‌ನ ಊರು, ಅಂದರೆ ಆಂಗಲ್‌ರ ಹೆಸರು ಈಗ ಸ್ಯಾಕ್ಸನ್‌ರ ನೆಲದಲ್ಲೂ ಬೋರ್ಡು ಹಾಕಿಕೊಂಡಿದೆ. ಇತ್ತ 2025ರಲ್ಲಿ ಸರ್ಕಾರ ನಾರ್ಫಕ್, ಸಫಕ್ ಎರಡಕ್ಕೂ ಸೇರಿ ಒಬ್ಬ ಚುನಾಯಿತ ಮೇಯರ್ ಎಂಬ ಯೋಜನೆ ಮುಂದಿಟ್ಟಿತು. ಉತ್ತರದ ಜನ, ದಕ್ಷಿಣದ ಜನ ಮತ್ತೆ ಒಂದೇ ಆಡಳಿತದಡಿ ಬರುವ ಮಾತು ಹಾಗೆ ಚರ್ಚೆಗೆ ಬಂತು.

ಹೋಗುವವರಿಗೆ ಒಂದು ಸೂಚನೆ: ಊರಿನ ಹೆಸರನ್ನು ಸ್ಪೆಲಿಂಗ್ ನೋಡಿ ಓದಬೇಡಿ. ‘ವೈಮಂಡ್‌ಹ್ಯಾಮ್’ ಎಂದು ಕಾಣುವುದನ್ನು ಅಲ್ಲಿನವರು ‘ವಿಂಡಮ್’ ಎನ್ನುತ್ತಾರೆ. ‘ಹ್ಯಾಪಿಸ್‌ಬರ್ಗ್’ ಎಂದು ಕಾಣುವುದು ‘ಹೇಜ್‌ಬ್ರ’. ಈ ಹೇಜ್‌ಬ್ರ ಕಡಲತೀರದಲ್ಲಿ 2013ರ ಮೇ ತಿಂಗಳಲ್ಲಿ ಅಲೆ ಮರಳನ್ನು ಕೊಚ್ಚಿಕೊಂಡು ಹೋದಾಗ, ಅಡಿಯ ಕೆಸರುಪದರದಲ್ಲಿ 8 ಲಕ್ಷ ವರ್ಷಕ್ಕೂ ಹಳೆಯ ಮನುಷ್ಯರ ಹೆಜ್ಜೆಗುರುತುಗಳು ಕಂಡವು. ದೊಡ್ಡವರವೂ ಇದ್ದವು, ಮಕ್ಕಳವೂ ಇದ್ದವು. ಸಂಶೋಧಕರು ಓಡಿಬಂದು ಮಳೆಯಲ್ಲೇ ಫೋಟೊ ತೆಗೆದು ಅಳತೆ ಹಿಡಿದರು. ಎರಡು ವಾರದೊಳಗೆ ಸಮುದ್ರ ಅವನ್ನು ಅಳಿಸಿಹಾಕಿತ್ತು.